ರಿಪೋರ್ಟ್ ಬಂತು, ಬೇಕಾದ ಟೆಸ್ಟ್ ಮಾತ್ರ ಆಗಿಲ್ಲ

ಮಾನ್ಯ ಸಂಪಾದಕರೇ,

ಶ್ವಾಸಕೋಶ ಕ್ಯಾನ್ಸರ್‌ನ ಜೀನ್ ಪರೀಕ್ಷೆ ಈಗ ಎಲ್ಲರಿಗೂ ಸಿಗುತ್ತಿದೆ ಎಂದು ಅಧಿಕಾರಿಗಳು ಹೇಳಿದ್ದನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿ ಮೈ ಉರಿಯಿತು. ಎಲ್ಲರಿಗೂ ಅಂದರೆ ಯಾರಿಗೆ?

ನಮ್ಮ ಅಕ್ಕ ಬೀಡಿ, ಸಿಗರೇಟು ಮುಟ್ಟಿದವಳೇ ಅಲ್ಲ. ಅವಳಿಗೆ ಅಡಿನೋಕಾರ್ಸಿನೋಮಾ, ಶ್ವಾಸಕೋಶ ಕ್ಯಾನ್ಸರ್‌ನ ಒಂದು ಬಗೆ. ಅವಳನ್ನು ತೋರಿಸುತ್ತಿರುವ ಆಸ್ಪತ್ರೆಯಿಂದ ನಿನ್ನೆ ಸಂಜೆ ಸಿಕ್ಕ ಹಾಳೆಯಲ್ಲಿ ‘ಇಜಿಎಫ್‌ಆರ್ ಪಾಸಿಟಿವ್, 3+’ ಎಂದಿತ್ತು. ಇನ್ನೇನು ಮಾತ್ರೆ ಶುರು ಮಾಡಬಹುದು ಅಂದುಬಿಟ್ಟರು ಕೌಂಟರಿನವರು. ಡಾಕ್ಟರು ನೋಡಿದವರೇ ಹಾಳೆ ವಾಪಸ್ ಕೊಟ್ಟರು. ಅದು ಸುಮ್ನೆ ಬಣ್ಣ ಹಾಕಿ ನೋಡುವ ಪರೀಕ್ಷೆಯಂತೆ. ಬೆಳೆಯಲು ಹೇಳುವ ಸಂಕೇತ ಹಿಡಿಯುವ ಇಜಿಎಫ್‌ಆರ್ ಎಂಬ ಪ್ರೋಟೀನು ಜೀವಕೋಶದ ಮೇಲೆ ಜಾಸ್ತಿ ಇದೆ ಎಂದಷ್ಟೇ ಅದು ಹೇಳುತ್ತದೆ. ಈ ಕಾಯಿಲೆಯಲ್ಲಿ ಬಹಳ ಜನರಿಗೆ ಅದು ಜಾಸ್ತಿಯೇ ಇರುತ್ತದೆ. ಆ ಪ್ರೋಟೀನನ್ನು ತಡೆಯುವ ಗೆಫಿಟಿನಿಬ್, ಒಸಿಮರ್ಟಿನಿಬ್‌ನಂಥ ಮಾತ್ರೆ ಹಿಡಿಯುತ್ತದಾ ಅಂತ ತಿಳಿಯಲು ಅದರ ಜೀನಿನ ಒಳಗೇ ನೋಡಬೇಕು. ಜೀನಿನ ಒಂದು ಭಾಗವಾದ ಎಕ್ಸಾನ್ 19ರಲ್ಲಿ ಒಂದು ಚೂರು ಬಿಟ್ಟುಹೋಗಿದೆಯಾ, ಎಕ್ಸಾನ್ 21ರಲ್ಲಿ ಏನಾದರೂ ಬದಲಾಗಿದೆಯಾ ಅಂತ. ಇದು 2004ರಲ್ಲೇ ಗೊತ್ತಾದ ಸಂಗತಿ. ಸಿಗರೇಟು ಸೇದದ ಹೆಂಗಸರಲ್ಲಿ ಈ ಬದಲಾವಣೆ ಹೆಚ್ಚು ಕಾಣುತ್ತದೆ ಎನ್ನುವುದೂ ಹಳೆಯದೇ. ಆ ಲ್ಯಾಬಿನವರಿಗೆ ಮಾತ್ರ ಗೊತ್ತಿಲ್ಲವಾ?

ಈಗ ಹೊರಗೆ ಟೆಸ್ಟ್ ಮಾಡಿಸೋಣ ಅಂದರೆ ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಇಟ್ಟ ಮೇಣದ ಬ್ಲಾಕ್ ಬೇಕು. ಬ್ಲಾಕ್ ಕೊಡಲು ಸಹಿ ಬೇಕು. ಸಹಿ ಹಾಕುವವರು ರಜೆ. ಅಲ್ಲದೆ ಬಣ್ಣದ ಪರೀಕ್ಷೆಗಳಿಗೇ ಪದರ ಪದರವಾಗಿ ಕತ್ತರಿಸಿ, ಅದರಲ್ಲಿ ಉಗುರಿನ ಚೂರಿನಷ್ಟು ಉಳಿಸಿದ್ದಾರೆ. ಸಾಲದಿದ್ದರೆ ಮತ್ತೆ ಎದೆಗೆ ಸೂಜಿ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡುವವಳನ್ನು ಮತ್ತೆ ಆ ಮೆಟ್ಟಿಲು ಹತ್ತಿಸಬೇಕು. ಲಿಫ್ಟ್ ಕೆಟ್ಟಿದೆ ಎಂದು ಹೋದ ವರ್ಷವೇ ಇದೇ ಅಂಕಣಕ್ಕೆ ಬರೆದಿದ್ದೆ. ಇವತ್ತಿಗೂ ಅದೇ ಬೋರ್ಡು. ದೂರಿನ ಪೆಟ್ಟಿಗೆಗೆ ಜಡಿದ ಬೀಗ ತುಕ್ಕು ಹಿಡಿದಿದೆ. ಹೊಸ ಯಂತ್ರಕ್ಕೆ ರಿಬ್ಬನ್ ಕತ್ತರಿಸುವಾಗ ಮಾತ್ರ ಅಧಿಕಾರಿಗಳು ಸಾಲಾಗಿ ನಿಂತಿರುತ್ತಾರೆ.

ಮಾತ್ರೆ ಸಿಕ್ಕರೂ ಮುಗಿಯುವುದಿಲ್ಲ. ಗೆಫಿಟಿನಿಬ್ ನಾಟುವುದು ನಿಂತವರಲ್ಲಿ ಹೆಚ್ಚುಕಮ್ಮಿ ಅರ್ಧ ಜನರಿಗೆ ಅದೇ ಜೀನಿನಲ್ಲಿ ಟಿ790ಎಂ ಎಂಬ ಇನ್ನೊಂದು ಬದಲಾವಣೆ ಬಂದಿರುತ್ತದೆ. ಅದಕ್ಕೆ ಮತ್ತೆ ಟೆಸ್ಟ್. ಆಗಲೂ ಇದೇ ಕೌಂಟರಿನ ಮುಂದೆ ಕೈಕಟ್ಟಿ ನಿಲ್ಲಬೇಕಾ?

ಸಂಬಂಧಪಟ್ಟವರು ಕೂಡಲೇ ಇದನ್ನು ಸರಿಪಡಿಸಬೇಕು. ಆಗದಿದ್ದರೆ ಪರೀಕ್ಷೆ ಇದೆ ಎಂದು ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಬೇಕು. ನೀವೂ ಅಷ್ಟೇ, ಅವರು ಹೇಳಿದ್ದನ್ನು ಹಾಗೇ ಅಚ್ಚು ಹಾಕುವ ಮೊದಲು ವಾರ್ಡಿಗೆ ಒಮ್ಮೆ ಬಂದು ಕೇಳಿ. ಲಿಫ್ಟ್ ರಿಪೇರಿಯಾಗಲಿ. ತಿಂಗಳು ತಿಂಗಳು ಸಂಬಳ ಎಣಿಸುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವಾ?

– ರೋಗಿಯೊಬ್ಬರ ತಂಗಿ