ಚಿ. ಸುಧಾಳಿಗೆ

ನವನಗರ, ಬಾಗಲಕೋಟೆ

ನಿನ್ನ ಕಾಗದ ಮಂಗಳವಾರ ಬಂತು. ಮನೆಯ ಸುದ್ದಿ ಎಲ್ಲ ನಿನಗೆ ಗೊತ್ತಿದ್ದದ್ದೇ, ಮತ್ತೆ ಬರೆಯುವುದಿಲ್ಲ. ನಾಲ್ಕು ಪುಟದಲ್ಲಿ ಒಂದೇ ಸಾಲು ನನ್ನನ್ನು ಬಿಡಲಿಲ್ಲ. 'ಕಾಕಾ, ಗಣಿತ ಅಂದ್ರೆ ನನಗೇ ಎದೆ ಡವಡವ ಅನ್ನುತ್ತೆ. ಇದು ಮಕ್ಕಳಿಗೂ ಅಂಟಿಬಿಟ್ಟರೆ?' ನಿಮ್ಮ ಕಾಕು ಎರಡು ಸಲ ಊಟಕ್ಕೆ ಕರೆದಳು. ನಾನು ಅದನ್ನೇ ಓದುತ್ತಾ ಕೂತಿದ್ದೆ.

ಮೊದಲು ನೀನು ಕಲಿಸುವ ತರಗತಿಯ ಆ ಹುಡುಗನ ವಿಷಯ. ನಲವತ್ಮೂರು ಅಂದ್ರೆ 34 ಬರೆಯುತ್ತಾನೆ, ನನ್ನಿಂದಲೇ ಹೀಗಾಯ್ತು ಅಂದಿದ್ದೀಯ. ಖಾನಾಪುರದ ಕಡೆಯವನು, ಮನೆಯಲ್ಲಿ ಮರಾಠಿ ಅಲ್ವಾ? ಮರಾಠಿಯಲ್ಲಿ ಅದು ತ್ರೇಚಾಳೀಸ. ಮೂರು ಮೊದಲು, ನಲವತ್ತು ಆಮೇಲೆ. ನೀನು ಹೇಳಿದ್ದನ್ನು ಮನಸ್ಸಿನಲ್ಲೇ ಮನೆಮಾತಿಗೆ ತಿರುಗಿಸಿಕೊಂಡು ಬರೆಯುತ್ತಿರಬೇಕು, ಪಾಪ. ಕನ್ನಡದ ಮಕ್ಕಳಿಗೆ ಈ ಕಷ್ಟ ಇಲ್ಲ, ಅವರು ಒಂಬತ್ತು ತೊಂಬತ್ತರಲ್ಲಿ ಎಡವುತ್ತಾರೆ. ಜೋಳದ ದಂಟಿನ ತುಂಡು ಹತ್ತತ್ತು ಸೇರಿಸಿ ನಾಲ್ಕು ಕಟ್ಟು ಮಾಡಿಕೊಡು, ಜೊತೆಗೆ ಮೂರು ಬಿಡಿ. ಕಟ್ಟು ಎಡಕ್ಕೆ, ಬಿಡಿ ಬಲಕ್ಕೆ ಇಡಲಿ. ಯಾವ ಭಾಷೆಯಲ್ಲಾದರೂ ಎಣಿಸಲಿ. ಇದೆಲ್ಲ ಟ್ರೇನಿಂಗಿನಲ್ಲಿ ಹೇಳಿರುತ್ತಾರೆ, ನಂದು ಮುದುಕನ ಚಟ.

ಆದರೆ ಆ ಸಾಲು. ಅಂಟುತ್ತಾ ಅಂತ ಕೇಳಿದ್ದೀಯ. ಅಂಟುತ್ತೆ ಸುಧಾ. ನಾನೇ ಅಂಟಿಸಿದ್ದೇನೆ.

1986ರ ಮಾತು. ಬೀಳಗಿ ಹತ್ತಿರದ ಒಂದು ಹಳ್ಳಿ ಶಾಲೆ, ಆಗಿನ್ನೂ ನಮ್ಮದು ವಿಜಾಪುರ ಜಿಲ್ಲೆ. ಭಾಗಾಕಾರ ಅಂದ್ರೆ ನನಗೆ ಮೊದಲಿಂದ ಅಳುಕು, ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ನಾಲ್ಕನೇ ತರಗತಿಗೆ ಬೋರ್ಡಿನ ಮೇಲೆ 612ನ್ನು 6ರಿಂದ ಭಾಗಿಸುತ್ತಿದ್ದೆ. ಆರೊಂದ್ಲೆ ಆರು. ಒಂದನ್ನು ಇಳಿಸಿದೆ, ಆರು ಹೋಗಲಿಲ್ಲ. ಎರಡನ್ನೂ ಇಳಿಸಿ ಆರೆರಡ್ಲೆ ಹನ್ನೆರಡು ಅಂದೆ. ಉತ್ತರ 12. ಮುಂದೆ ಕೂತಿದ್ದ ಹುಡುಗಿ ಎದ್ದು, 'ಸರ್, ನಡುವ ಸೊನ್ನಿ ಬಿಟ್ಟೀರಿ' ಅಂದಳು. ನನಗೆ ಮೈಯೆಲ್ಲ ಬಿಸಿಯಾಯ್ತು. 'ಭಾಳ ಶಾಣ್ಯಾಕಿ ಆಗಬ್ಯಾಡ, ಸುಮ್ನ ಕುಂದ್ರು' ಅಂತ ಗದರಿದೆ. ಕೂತಳು. ಪಾಟಿಯ ಮೇಲಿದ್ದ 102ನ್ನು ಲಂಗದ ತುದಿಯಿಂದ ಒರೆಸಿ 12 ಬರೆದಳು. ನಾನು ನೋಡುತ್ತಾ ನಿಂತಿದ್ದೆ. ಬೋರ್ಡು ತಿದ್ದಲಿಲ್ಲ.

ಆ ವರ್ಷ ಅವಳು ಮತ್ತೆ ಕೈ ಎತ್ತಲಿಲ್ಲ. 612 ರೊಟ್ಟಿ ಆರು ಮನೆಗೆ ಹಂಚಿದರೆ ಮನೆಗೆ ಬರೀ ಹನ್ನೆರಡಾ ಅಂತ ನಾನೇ ಕೇಳಿದ್ದರೆ ಎಲ್ಲರೂ ನಕ್ಕು ಮುಗಿದುಹೋಗುತ್ತಿತ್ತು. ಅಷ್ಟು ಹೊಳೆಯಲು ನನಗೆ ರಿಟೈರ್ ಆಗಬೇಕಾಯ್ತು.

ನೀನು ಒಳಗಿನ ಹೆದರಿಕೆಯನ್ನು ಬರೆದಾದರೂ ಹೇಳಿದೆ. ನಾನು ಬಚ್ಚಿಟ್ಟೆ, ಅದು ಸಿಟ್ಟಾಗಿ ಹೊರಗೆ ಬಂತು. ನಾಳೆಯ ಲೆಕ್ಕ ಹಿಂದಿನ ರಾತ್ರಿ ಒಮ್ಮೆ ಬಿಡಿಸಿಕೋ, ನಾನು ಅಷ್ಟೂ ಮಾಡುತ್ತಿರಲಿಲ್ಲ. ತಪ್ಪಿದರೆ ಒರೆಸುವ ಮೊದಲು 'ಎಲ್ಲಿ ತಪ್ಪಿದೆ ಹೇಳ್ರಿ' ಅಂತ ಮಕ್ಕಳನ್ನೇ ಕೇಳು. ಎದೆ ಡವಡವ ಅಂದರೆ ಅನ್ನಲಿ. ಇದನ್ನೆಲ್ಲ ಹೇಳೋ ಯೋಗ್ಯತೆ ನನಗೆ ಎಷ್ಟಿದೆಯೋ ಏನೋ.

ಆ ಹುಡುಗ ದಂಟಿನ ಕಟ್ಟು ಹೇಗಿಟ್ಟ ಅಂತ ಬರಿ. ಭಾಗಾಕಾರ ಶುರು ಮಾಡುವ ದಿನ ಮಾತ್ರ ಸಾಯಂಕಾಲ ಒಂದು ಫೋನ್ ಮಾಡು. ನಾನು ಮನೆಯಲ್ಲೇ ಇರುತ್ತೇನೆ.

ನಿನ್ನ ಕಾಕಾ