ಪಿಂಚಣಿ ಅವರ ದುಡಿಮೆಯದು, ನನ್ನ ವೈಧವ್ಯದ್ದಲ್ಲ

ಮಾನ್ಯ ಸಂಪಾದಕರೇ,

ಐವತ್ತು ದಾಟಿದ ವಿಧವೆಯರು ಮತ್ತೆ ಮದುವೆಯಾಗುವ ಬಗ್ಗೆ ಓದುಗರ ಪತ್ರಗಳಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ಒಬ್ಬರು ಶಹಬ್ಬಾಸ್ ಎನ್ನುತ್ತಾರೆ, ಇನ್ನೊಬ್ಬರು ಕಾಲ ಕೆಟ್ಟಿತು ಎನ್ನುತ್ತಾರೆ. ಬರೆಯುವವರಲ್ಲಿ ಹೆಚ್ಚಿನವರು ಗಂಡಸರು. ನನಗೀಗ ಐವತ್ತೆರಡು, ವಿಧವೆ, ಮದುವೆಗೆ ಒಪ್ಪಿದವಳು. ಆದ್ದರಿಂದ ನನ್ನ ಮಾತಿಗೂ ಒಂದಿಷ್ಟು ಜಾಗ ಕೊಡುತ್ತೀರೆಂದು ನಂಬಿದ್ದೇನೆ. ಯಾರ ಶಹಬ್ಬಾಸ್‌ಗಿರಿಯೂ ನನಗೆ ಬೇಕಾಗಿಲ್ಲ. ಕಾರ್ಮಿಕನ ವಿಧವೆ ಮತ್ತೆ ಮದುವೆಯಾದರೆ ಅವಳ ಪಿಂಚಣಿ ನಿಲ್ಲುತ್ತದೆ ಎಂಬ ನಿಯಮದ ಮೇಲೆ ನನಗೆ ತಕರಾರಿದೆ, ಅದನ್ನು ಹೇಳಬೇಕು.

ನಾನು ತುಮಕೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಯಂತ್ರ ಹಾಕಿಕೊಂಡು ಬ್ಲೌಸು, ಲಂಗ, ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಯಜಮಾನರು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದರು. 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ ತೀರಿಕೊಂಡರು. ಟೈಲರ್ ಮನೆಯಲ್ಲಿ ಮನೆಯವರ ಬಟ್ಟೆಗೆ ಯಾವಾಗಲೂ ಕೊನೆಯ ಸರದಿ. ಅವರ ಪ್ಯಾಂಟೊಂದರ ಅಂಚು ಬಿಚ್ಚಿ, ಸೀಮೆಸುಣ್ಣದ ಗುರುತು ಹಾಕಿ, ಗಿರಾಕಿಗಳದು ಮುಗಿಯಲಿ ಎಂದು ಪಕ್ಕಕ್ಕಿಟ್ಟಿದ್ದೆ. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಆ ವರ್ಷ ಎಷ್ಟು ಮನೆಗಳಲ್ಲಿ ಏನೇನಾಯಿತೆಂದು ನಿಮ್ಮ ಓದುಗರಿಗೆ ಗೊತ್ತಿದೆ.

ಮಗಳಿಗೆ ಆಗ ಇಪ್ಪತ್ತೆರಡು. ಅತ್ತುಕೊಂಡು ಕೂರುವುದನ್ನು ನನಗೆ ಬಿಟ್ಟು, ಕಾಗದಪತ್ರದ ಕೆಲಸವನ್ನೆಲ್ಲ ಅವಳು ಹೆಗಲಿಗೆ ಹಾಕಿಕೊಂಡಳು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಿ.ಎಫ್. ಹಣಕ್ಕೆ ಒಂದು ಫಾರಂ, ಪಿಂಚಣಿಗೆ ಇನ್ನೊಂದು, ವಿಮೆಗೆ ಮತ್ತೊಂದು. ಅಂಥ ಒಂದು ವಿಮೆ ಇದೆಯೆಂದೇ ನಾನು ಕೇಳಿರಲಿಲ್ಲ. ದುಡಿಯುತ್ತಿರುವಾಗಲೇ ತೀರಿಕೊಂಡ ಪಿ.ಎಫ್. ಸದಸ್ಯರ ಮನೆಯವರಿಗೆ ಅದರಲ್ಲಿ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಕಾರ್ಮಿಕನ ಸಂಬಳದಿಂದ ಅದಕ್ಕೆಂದು ಒಂದು ಪೈಸೆಯನ್ನೂ ಮುರಿಯುವುದಿಲ್ಲ. (ಇದನ್ನು ಓದುತ್ತಿರುವ ಯಾರ ಮನೆಯಲ್ಲಾದರೂ ಇಂಥ ಸಾವಾಗಿದ್ದು ಆ ಅರ್ಜಿ ಹಾಕದೇ ಇದ್ದರೆ ದಯವಿಟ್ಟು ವಿಚಾರಿಸಿ. ನಮ್ಮ ಬೀದಿಯಲ್ಲೇ ಗೊತ್ತಿಲ್ಲದವರಿದ್ದರು.) ಆ ಹಣದಲ್ಲಿ ಸಾಲ ತೀರಿತು, ಅತ್ತೆಯ ಕಣ್ಣಿನ ಆಪರೇಷನ್ ಆಯಿತು. ತಿಂಗಳ ಪಿಂಚಣಿ ನನಗೆ ಮೂರು ಸಾವಿರದ ಚಿಲ್ಲರೆ, ಮಗಳಿಗೆ ಅದರ ಕಾಲು ಭಾಗ. ಇಪ್ಪತ್ತೈದು ತುಂಬಿದ ಮೇಲೆ ಅವಳದು ನಿಂತಿತು.

ಈಗ ಅಂಗಡಿಯವರ ವಿಷಯ. ಹೆಸರು ಬರೆದರೆ ಅವರು ಸಂಕೋಚಪಡುತ್ತಾರೆ, ಹಾಗಾಗಿ ಅಂಗಡಿಯವರು ಎಂದೇ ಕರೆಯುತ್ತೇನೆ. ಪೇಟೆಯಲ್ಲಿ ಅವರದೊಂದು ಚಿಕ್ಕ ಮ್ಯಾಚಿಂಗ್ ಸೆಂಟರ್ ಇದೆ. ಲೈನಿಂಗ್ ಬಟ್ಟೆ, ಫಾಲ್, ನೂಲು, ಹುಕ್ಕು ಎಲ್ಲವೂ ಅಲ್ಲಿ ಸಿಗುತ್ತವೆ. ಹೆಂಡತಿ ತೀರಿ ಬಹಳ ವರ್ಷಗಳಾಗಿವೆ, ಮಗ ಹೊರದೇಶದಲ್ಲಿದ್ದಾನೆ. ಕೊರೊನಾ ಕಾಲದಲ್ಲಿ ನನಗೆ ಉದ್ದರಿ ಕೊಟ್ಟ ಅಂಗಡಿ ಅದೊಂದೇ. ಅವರ ಒಂದು ಅಭ್ಯಾಸವನ್ನು ಹೇಳಬೇಕು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವರು ಎಂದೂ ಬಣ್ಣ ಹೊಂದಿಸಿ ಕೊಡುವುದಿಲ್ಲ. ಆ ಬೆಳಕಿನಲ್ಲಿ ಗಿಳಿಹಸಿರು ಒಂದು ಬಗೆ, ಬಿಸಿಲಿನಲ್ಲಿ ಇನ್ನೊಂದು ಬಗೆ. ಅಂಗಡಿ ತುಂಬ ಜನ ಇದ್ದರೂ ಸೀರೆಯ ಸೆರಗನ್ನು ಒಂದು ಕೈಯಲ್ಲಿ, ಫಾಲಿನ ಸುತ್ತನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ರಸ್ತೆಗೆ ಬಂದು, ಎರಡನ್ನೂ ಪಕ್ಕಪಕ್ಕ ಮಡಿಸಿ, ಸೂರ್ಯನ ಕಡೆಗೆ ಹಿಡಿದು ನೋಡುತ್ತಾರೆ. ಒಂದು ಎಳೆ ವ್ಯತ್ಯಾಸ ಕಂಡರೂ ‘ಬೇಡ, ನಾಳೆ ಬನ್ನಿ, ಬೆಂಗಳೂರಿನಿಂದ ತರಿಸುತ್ತೇನೆ’ ಎನ್ನುತ್ತಾರೆ. ಹನ್ನೆರಡು ರೂಪಾಯಿಯೋ ಹದಿನೈದು ರೂಪಾಯಿಯೋ ಉಳಿಯುವ ಸಾಮಾನಿಗೆ ಇಷ್ಟು ಶ್ರದ್ಧೆ ಇರುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ರಸ್ತೆಯಲ್ಲಿ ಅವರ ಪಕ್ಕ ನಿಂತು ಬಣ್ಣ ನೋಡುವುದು ನನಗೆ ಯಾವಾಗ ಇಷ್ಟವಾಗತೊಡಗಿತೋ ತಿಳಿಯದು.

ತಿಳಿದದ್ದು ಮಗಳಿಗೆ. ಅವಳು ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ, ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರುತ್ತಾಳೆ. ಒಂದು ಭಾನುವಾರ ನನ್ನ ಫಾಲಿನ ಡಬ್ಬಿ ಒಪ್ಪ ಮಾಡುತ್ತ, ‘ಅಮ್ಮ, ಈ ಮಾವಿನ ಬಣ್ಣದ್ದು ಆಗಲೇ ಇಷ್ಟೊಂದು ಇದೆ, ಮತ್ತೇಕೆ ತಂದೆ?’ ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅವಳು ಡಬ್ಬಿ ಮುಚ್ಚಿ, ‘ಅವರು ಒಳ್ಳೆಯವರು. ನಾನು ಮಾತನಾಡಲೇ?’ ಎಂದಳು. ತಾಯಿ ಮಗಳಿಗೆ ವರ ನೋಡುವುದು ಲೋಕರೂಢಿ. ನಮ್ಮ ಮನೆಯಲ್ಲಿ ಅದು ಉಲ್ಟಾ ಆಯಿತು.

ಸಲೀಸಾಗಿ ಆಯಿತೆಂದು ತಿಳಿಯಬೇಡಿ. ನಾನು ಅವಳನ್ನು ಬೈದೆ. ‘ನಿಮ್ಮಪ್ಪನನ್ನು ಇಷ್ಟು ಬೇಗ ಮರೆತೆಯಾ?’ ಎಂದೂ ಕೇಳಿದೆ. ‘ಮರೆತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಅಪ್ಪ ಇದ್ದಾಗ ನೀನು ಊಟಕ್ಕೆ ಕೂರುತ್ತಿದ್ದೆ. ಈಗ ಯಂತ್ರದ ಮುಂದೆ ನಿಂತುಕೊಂಡೇ ತಿನ್ನುತ್ತೀಯ’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ನಿಜವಾಗಿಯೂ ಹಾಗೆಯೇ ತಿನ್ನುತ್ತಿದ್ದೆ.

ಅತ್ತೆಗೆ ಹೇಳುವುದೇ ನನಗೆ ದೊಡ್ಡ ಭಯವಾಗಿತ್ತು. ಮಗನನ್ನು ಕಳೆದುಕೊಂಡ ಎಂಬತ್ತರ ಹತ್ತಿರದ ಜೀವ. ಅವರು ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರ ಮನೆಯಲ್ಲಿ ಕೂರುವ ಕಕ್ಕಸು ಇದೆಯೇ? ನನಗೆ ಕುಕ್ಕರುಗಾಲಿನಲ್ಲಿ ಆಗುವುದಿಲ್ಲ’ ಎಂದರು. ತಾವೂ ಬರುತ್ತೇನೆಂದು ಅವರು ಹೇಳಿದ ರೀತಿ ಅದು. ಆಮೇಲೆ ಅವರೇ ನೆನಪಿಸಿದರು, ಅವರ ದೊಡ್ಡಮ್ಮನಿಗೆ ಉಡಿಕೆ ಆಗಿತ್ತಂತೆ. ನಮ್ಮ ಕಡೆಯ ಎಷ್ಟೋ ಸಮುದಾಯಗಳಲ್ಲಿ ವಿಧವೆಗೆ ಸೀರೆ ಉಡಿಸಿ ಕರೆದುಕೊಂಡು ಹೋಗುವ ಉಡಿಕೆ, ಕೂಡಿಕೆಗಳು ಹಿಂದಿನಿಂದಲೂ ಇದ್ದವು. ಹಾಗೆ ಬಂದವಳನ್ನು ಆರತಿ ತಟ್ಟೆಯ ಹತ್ತಿರ ಬಿಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ‘ನಮ್ಮ ಸಂಪ್ರದಾಯದಲ್ಲಿ ಇಲ್ಲವೇ ಇಲ್ಲ’ ಎಂದು ಪತ್ರ ಬರೆಯುವವರು ಮನೆಯಲ್ಲಿರುವ ಹಿರಿಯರನ್ನು ಒಮ್ಮೆ ಕೇಳಿ ನೋಡಲಿ.

ಇದರ ನಡುವೆ ಮಗಳಿಗೆ ಬಂದಿದ್ದ ಒಂದು ಸಂಬಂಧ ತಪ್ಪಿತು. ‘ಹುಡುಗಿಯ ತಾಯಿಯೇ ಮದುವೆಯಾಗುತ್ತಾಳಂತೆ, ನಾಳೆ ಬೀಗಿತ್ತಿ ಎಂದು ಯಾರನ್ನು ತೋರಿಸುವುದು’ ಎಂದು ಹುಡುಗನ ಕಡೆಯವರು ಹೇಳಿ ಕಳಿಸಿದರು. ಆ ಹುಡುಗ ಅವಳಿಗೆ ಇಷ್ಟವಾಗಿದ್ದ. ಮೂರ್ನಾಲ್ಕು ದಿನ ಮಾತು ಕಡಿಮೆ ಮಾಡಿದಳು. ನಾನು ನನ್ನ ವಿಷಯವನ್ನು ಕೈಬಿಡುತ್ತೇನೆ ಎಂದಾಗ ಮಾತ್ರ ಸಿಟ್ಟಾದಳು. ಅವಳ ನೋವು ಇನ್ನೂ ಪೂರ್ತಿ ಹೋಗಿಲ್ಲ, ಎಲ್ಲ ಸುಖಾಂತವಾಯಿತು ಎಂದು ಬರೆಯಲು ನನಗೆ ಬಾಯಿ ಬರುವುದಿಲ್ಲ.

ಇನ್ನು ತಕರಾರಿಗೆ ಬರುತ್ತೇನೆ. ಪಿ.ಎಫ್. ಇರುವ ಕಾರ್ಮಿಕರಿಗೆ ಅನ್ವಯವಾಗುವುದು 1995ರ ನೌಕರರ ಪಿಂಚಣಿ ಯೋಜನೆ. ಅದರ ಪ್ರಕಾರ ವಿಧವೆಗೆ ಪಿಂಚಣಿ ಸಿಗುವುದು ಅವಳು ಸಾಯುವವರೆಗೆ ಅಥವಾ ಮತ್ತೆ ಮದುವೆಯಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ನಿಯಮದಲ್ಲಿ ಸಾವು ಮತ್ತು ಮದುವೆ ಎರಡೂ ಒಂದೇ ಸಾಲಿನಲ್ಲಿವೆ. ಇನ್ನೊಂದು ಚಂದದ ಏರ್ಪಾಡೂ ಇದೆ. ಇಪ್ಪತ್ತೈದರೊಳಗಿನ ಮಕ್ಕಳಿರುವ ವಿಧವೆ ಮದುವೆಯಾದರೆ ಆ ಮಕ್ಕಳಿಗೆ ಅನಾಥರ ದರದಲ್ಲಿ ಪಿಂಚಣಿ ಕೊಡುತ್ತಾರೆ. ದುಡ್ಡು ಹೆಚ್ಚೇ ಸಿಗುತ್ತದೆ, ಅದಕ್ಕೆ ಬೇಡ ಎನ್ನುವುದಿಲ್ಲ. ಆದರೆ ನಾಲ್ಕು ವರ್ಷದ ಹಿಂದೆ ನಾನು ಮದುವೆಯಾಗಿದ್ದರೆ, ನಾನು ಕಟ್ಟಿಕೊಟ್ಟ ಬುತ್ತಿ ಹಿಡಿದು ರೈಲು ಹತ್ತುತ್ತಿದ್ದ ಮಗಳು ಪಿ.ಎಫ್. ಕಚೇರಿಯ ಪುಸ್ತಕದಲ್ಲಿ ಅನಾಥೆಯಾಗಿರುತ್ತಿದ್ದಳು.

ನನ್ನ ಬಳಿ ಬಟ್ಟೆ ಹೊಲಿಸುವ ವಕೀಲೆಯೊಬ್ಬರು ಇದರ ಮೂಲ ಎಷ್ಟು ಹಳೆಯದೆಂದು ವಿವರಿಸಿದರು. 1856ರಲ್ಲಿ ಬ್ರಿಟಿಷರ ಕಾಲದಲ್ಲಿ ಹಿಂದೂ ವಿಧವೆಯರ ಮರುಮದುವೆಗೆ ಮಾನ್ಯತೆ ಕೊಡುವ ಕಾಯ್ದೆ ಬಂತು. ಅದಕ್ಕಾಗಿ ಹೋರಾಡಿದ ಈಶ್ವರಚಂದ್ರ ವಿದ್ಯಾಸಾಗರರ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ಕಾಯ್ದೆಯ ಎರಡನೇ ಸೆಕ್ಷನ್ನನ್ನು ಯಾರೂ ಓದಿಸಲಿಲ್ಲ. ಮರುಮದುವೆಯಾದವಳು ಆ ಕ್ಷಣಕ್ಕೆ ಸತ್ತಳೋ ಎಂಬಂತೆ ಮೊದಲ ಗಂಡನ ಆಸ್ತಿಯಲ್ಲಿ ಅವಳ ಹಕ್ಕು ಮುಗಿಯುತ್ತದೆ ಎಂದು ಅಲ್ಲಿತ್ತಂತೆ. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹೆಂಡತಿಯೂ ಮಕ್ಕಳ ಸಮಕ್ಕೆ ವಾರಸುದಾರಳಾದಳು, ಒಮ್ಮೆ ಬಂದ ಪಾಲು ಮರುಮದುವೆಯಿಂದ ಕೈತಪ್ಪುವುದಿಲ್ಲ. 1856ರ ಕಾಯ್ದೆಯನ್ನು 1983ರಲ್ಲಿ ರದ್ದು ಮಾಡಿದರು. ಆಸ್ತಿಗೆ ಇಲ್ಲದ ಷರತ್ತು ಪಿಂಚಣಿಗೆ ಮಾತ್ರ ಏಕೆ ಉಳಿಯಿತು?

‘ಹೊಸ ಗಂಡ ಸಾಕುತ್ತಾನಲ್ಲ’ ಎಂಬುದು ಸಿದ್ಧ ಉತ್ತರ. ಸ್ವಾಮಿ, ಮಾಲೀಕರು ಕಟ್ಟುವ ಪಿ.ಎಫ್. ಪಾಲಿನಲ್ಲಿ ಸಂಬಳದ ಶೇ 8.33ರಷ್ಟು ತಿಂಗಳು ತಿಂಗಳೂ ಈ ಪಿಂಚಣಿ ನಿಧಿಗೆ ಹೋಗುತ್ತದೆ. ಅದು ಯಜಮಾನರು ರಾತ್ರಿ ಪಾಳಿ ಮಾಡಿ ದುಡಿದದ್ದು. ನಾನು ಒಂಟಿಯಾಗಿ ಇರುತ್ತೇನೆಂಬ ಕರಾರಿಗೆ ಕೊಟ್ಟ ಬಹುಮಾನವಲ್ಲ. ಅಂಗಡಿಯವರಿಗೂ ಪಿಂಚಣಿ ಇಲ್ಲ, ಸಣ್ಣ ವ್ಯಾಪಾರಿಗೆ ಎಲ್ಲಿಂದ ಬರಬೇಕು? ನಾಳೆ ಅವರಿಗೂ ಏನಾದರೂ ಆದರೆ ಹಳೆಯ ಪಿಂಚಣಿ ಮತ್ತೆ ಶುರುವಾಗುತ್ತದೆಂದು ನಿಯಮದಲ್ಲಿ ಎಲ್ಲೂ ಇಲ್ಲ. ಹೆಂಡತಿ ಸತ್ತ ಗಂಡಸಿಗೂ ಇದೇ ನಿಯಮ ಎನ್ನುತ್ತಾರೆ. ಹೌದು, ಕಾಗದದ ಮೇಲೆ ಸಮಾನತೆ ಇದೆ. ಹೆಂಡತಿಯ ಪಿಂಚಣಿಯ ಮೇಲೆ ಒಲೆ ಹಚ್ಚುವ ಗಂಡಸರು ನಮ್ಮ ಬೀದಿಯಲ್ಲಂತೂ ಇಲ್ಲ.

ಸರ್ಕಾರಕ್ಕೆ ಇದು ಹೊಳೆದೇ ಇಲ್ಲವೆಂದಲ್ಲ. ಶೌರ್ಯ ಪ್ರಶಸ್ತಿ ಪಡೆದ ಯೋಧರ ವಿಧವೆಯರಿಗೆ ಸಿಗುವ ಭತ್ಯೆಗೆ ಮೊದಲು ಒಂದು ವಿಚಿತ್ರ ಷರತ್ತಿತ್ತು. ಗಂಡನ ಸಹೋದರನನ್ನೇ ಮದುವೆಯಾದರೆ ಭತ್ಯೆ ಮುಂದುವರಿಯುತ್ತಿತ್ತು, ಬೇರೆಯವರನ್ನು ಆದರೆ ನಿಲ್ಲುತ್ತಿತ್ತು. 2017ರಲ್ಲಿ ಆ ಷರತ್ತನ್ನು ತೆಗೆದರು. ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಲ್ಲದ ವಿಧವೆಯರಿಗೂ, ಆದಾಯ ಮಿತಿಯೊಳಗಿದ್ದರೆ, ಮರುಮದುವೆಯ ನಂತರವೂ ಕುಟುಂಬ ಪಿಂಚಣಿ ಸಿಗುತ್ತದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿಯ ವಿಧವೆಯರ ಮರುಮದುವೆಗೆ ಪ್ರೋತ್ಸಾಹಧನವನ್ನೇ ಕೊಡುತ್ತದೆ. ಹಾಗಿದ್ದ ಮೇಲೆ ಕಾರ್ಖಾನೆ ಕಾರ್ಮಿಕನ ಹೆಂಡತಿ ಯಾವ ಲೆಕ್ಕದಲ್ಲಿ ಹೊರಗುಳಿದಳು? ಕೇಂದ್ರ ಕಾರ್ಮಿಕ ಸಚಿವಾಲಯ ಯೋಜನೆಯಿಂದ ‘ಅಥವಾ ಮರುಮದುವೆಯಾಗುವವರೆಗೆ’ ಎಂಬ ಮಾತನ್ನು ತೆಗೆದುಹಾಕಬೇಕು. ಒಮ್ಮೆಗೇ ಆಗದಿದ್ದರೆ ಐವತ್ತು ದಾಟಿದವರಿಂದಲಾದರೂ ಶುರು ಮಾಡಲಿ. ನಮ್ಮ ಸಂಸದರು ಇದನ್ನು ಒಮ್ಮೆ ಲೋಕಸಭೆಯಲ್ಲಿ ಎತ್ತಲಿ.

ಈ ನಿಯಮದಿಂದ ಆಗುತ್ತಿರುವುದೇನೆಂದರೆ ಸುಳ್ಳು. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು, ನೋಂದಣಿ ಮಾಡಿಸದೆ, ಬ್ಯಾಂಕಿನಲ್ಲಿ ‘ಮರುಮದುವೆಯಾಗಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕುತ್ತಿರುವ ಹೆಂಗಸರು ಇದ್ದಾರೆ. ಅವರನ್ನು ನಾನು ಬೈಯಲಾರೆ. ನನ್ನ ಮಗಳೂ ಅದನ್ನೇ ಸೂಚಿಸಿದಳು, ‘ಯಾರಿಗೆ ಗೊತ್ತಾಗುತ್ತದೆ ಅಮ್ಮ, ಮೂರು ಸಾವಿರ ಯಾಕೆ ಬಿಡುತ್ತೀಯ’ ಎಂದು. ಲೆಕ್ಕ ಬರೆಯುವವಳ ಬಾಯಲ್ಲಿ ಈ ಮಾತು ಬಂತಲ್ಲ ಎಂದು ನಾವಿಬ್ಬರೂ ಜೋರಾಗಿ ಜಗಳವಾಡಿದೆವು. ಆ ದುಡ್ಡಿನಲ್ಲಿ ಅತ್ತೆಯ ಮಾತ್ರೆ, ಕರೆಂಟು ಬಿಲ್ಲು, ಯಂತ್ರದ ರಿಪೇರಿ ನಡೆಯುತ್ತಿದೆ. ಬಿಡುವುದು ನನಗೂ ಸುಲಭವಲ್ಲ. ಆದರೆ ಆ ಮನುಷ್ಯನನ್ನು ಮದುವೆಯಾಗಿ, ಆಗಿಲ್ಲ ಎಂದು ವರ್ಷ ವರ್ಷ ಬರೆದುಕೊಡಲು ನನ್ನ ಕೈ ಬರುವುದಿಲ್ಲ. ಪಿಂಚಣಿ ನಿಲ್ಲಿಸಿ ಎಂದು ನಾನೇ ಅರ್ಜಿ ಕೊಡುತ್ತೇನೆ. ಅದರ ಜೊತೆಗೆ ಈ ಪತ್ರದ ಒಂದು ಪ್ರತಿಯನ್ನೂ ಇಡುತ್ತೇನೆ.

ನಮ್ಮಿಬ್ಬರ ಜಾತಿ ಬೇರೆ ಬೇರೆ. ದೀಪಾವಳಿ ಕಳೆದ ಮೇಲೆ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಡಲಿದ್ದೇವೆ. ಅದನ್ನು ನೋಂದಣಿ ಕಚೇರಿಯ ಫಲಕದಲ್ಲಿ ಅಂಟಿಸುತ್ತಾರೆ, ಆಕ್ಷೇಪ ಇರುವವರಿಗೆ 30 ದಿನ ಕಾಲಾವಕಾಶ ಇರುತ್ತದೆ. ನಮ್ಮ ಬಡಾವಣೆಯಲ್ಲಿ ಆಕ್ಷೇಪ ಇರುವವರು ಬಹಳ ಮಂದಿ ಇದ್ದಾರೆಂದು ಕೇಳಿದ್ದೇನೆ. ದಯವಿಟ್ಟು ಅಲ್ಲಿಗೇ ಹೋಗಿ ಲಿಖಿತವಾಗಿ ಕೊಡಲಿ. ಸಂಜೆ ರೈಲಿಳಿದು ಬರುವ ನನ್ನ ಮಗಳನ್ನು ದಾರಿಯಲ್ಲಿ ನಿಲ್ಲಿಸಿ ಕೇಳುವುದು ಬೇಡ.

— ಒಬ್ಬ ಹೊಲಿಗೆಯವಳು, ತುಮಕೂರು