ಕಾರಂಜಾ ನೀರಿಗೆ ಎಂಥ ಕಯಾಕ್ ಬೇಕು?

ಮಾನ್ಯ ಸಂಪಾದಕರೇ,

ಕಯಾಕ್, ಅಂದರೆ ಒಬ್ಬಿಬ್ಬರು ಕುಂತು ಹುಟ್ಟು ಹಾಕುವ ಸಣ್ಣ ದೋಣಿ, ಏರಿ ಗಾಳ ಹಾಕುವ ಹೊಸ ಹುಚ್ಚಿನ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಗಾಳಿ ತುಂಬುವ ಕಯಾಕ್ ಹಗುರ, ಅಗ್ಗ, ಮಡಚಿ ಕಾರಿನ ಡಿಕ್ಕಿಗೆ ಹಾಕಬಹುದು, ಹೊಸಬರಿಗೆ ಅದೇ ಸರಿ ಎಂದು ಬರೆದಿದ್ದೀರಲ್ಲ, ಅದನ್ನು ನಂಬಿ ಬೀದರ್ ಕಡೆ ಬಂದವರಿಂದ ಲಾಭವಾಗುವುದು ನನಗೆ. ಭಾಲ್ಕಿ ತಾಲ್ಲೂಕಿನಲ್ಲಿ ನನ್ನದು ಪಂಕ್ಚರ್ ಅಂಗಡಿ.

ಕಾರಂಜಾ ಜಲಾಶಯದ ಮೀನುಗಾರರು ಲಾರಿಯ ಹಳೆ ಟ್ಯೂಬಿಗಾಗಿ ಮೊದಲಿನಿಂದಲೂ ನನ್ನ ಬಳಿ ಬರುತ್ತಾರೆ. ಟ್ಯೂಬಿನ ಮೇಲೆ ಹಲಗೆ ಕಟ್ಟಿಕೊಂಡು, ಇಲ್ಲವೇ ಥರ್ಮಾಕೋಲನ್ನು ಗೊಬ್ಬರದ ಚೀಲದಲ್ಲಿ ತುಂಬಿ ಹೊಲಿದು ಅದರ ಮೇಲೆ ಕುಂತು ಬಲೆ ಬಿಡುವ ಮಂದಿ ಅವರು. ಈಚೆಗೆ ಶನಿವಾರ ಬಂತೆಂದರೆ ಹೈದರಾಬಾದಿನ ಕಾರುಗಳೂ ನಿಲ್ಲುತ್ತವೆ. ಅಲ್ಲಿಂದ ಬೀದರ್ ಸುಮಾರು 140 ಕಿ.ಮೀ. ಅಷ್ಟೇ. ಕೆಲವರದು ಕಾರಿನ ನೆತ್ತಿಗೆ ಬಿಗಿದ ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕ್. ಉಳಿದವರದು ಚೀಲದೊಳಗಿನದು. ಚೀಲದವರು ಬೆಳಿಗ್ಗೆ ನಗುತ್ತಾ ಮುಂದೆ ಹೋಗುತ್ತಾರೆ, ಮಧ್ಯಾಹ್ನ 'ಅಂಕಲ್, ಇದಕ್ಕೊಂದು ಪ್ಯಾಚ್ ಹಾಕ್ತೀರಾ' ಎಂದು ನನ್ನ ಮುಂದೆ ನಿಲ್ಲುತ್ತಾರೆ.

ಈ ಹುಚ್ಚು ಯಾಕೆ ಹಿಡಿಯುತ್ತದೆ ಎಂಬುದು ನನಗೆ ಗೊತ್ತು. ತಂಗಿಯ ಮಗ ಒಂದು ಕಯಾಕ್ ತಂದಿದ್ದಾನೆ, ನನ್ನನ್ನೂ ಕೂರಿಸಿಕೊಂಡು ಹೋಗಿದ್ದಾನೆ. ದಂಡೆಯಿಂದ ಎಷ್ಟೇ ಬೀಸಿದರೂ ಗಾಳ ಮುಟ್ಟದ ಕಡೆಗೆ ಇದು ಒಯ್ಯುತ್ತದೆ. ಡೀಸೆಲ್ ಇಲ್ಲ, ಸದ್ದಿಲ್ಲ, ಗೇಣು ನೀರಿದ್ದರೂ ತೇಲುತ್ತದೆ. ಮುಳುಗಿದ ಗಿಡಗಳ ಸಂದಿಯಲ್ಲಿ ಗಾಳಕ್ಕೆ ಕಟ್ಟಿದ ರಬ್ಬರ್ ಕಪ್ಪೆಯನ್ನು ಎಳೆದಾಗ, ಹಾವಿನಂಥ ತಲೆಯ ಮರಲ್ ಮೀನು 'ಧಪ್' ಎಂದು ಎರಗುವುದನ್ನು ಕೈಯಳತೆಯಲ್ಲಿ ನೋಡಿದವನು ಮತ್ತೆ ದಂಡೆಯಲ್ಲಿ ಕುಂತಾನೆಯೇ? ಇದು ಮೂಲದಲ್ಲಿ ಉತ್ತರ ಧ್ರುವದ ಕಡೆಯ ಬೇಟೆಗಾರರ ದೋಣಿ, ಸೀಲ್ ಚರ್ಮ ಹೊದಿಸಿ ಮಾಡುತ್ತಿದ್ದುದು. ಹಿಮದ ನಾಡಿನ ದೋಣಿ ನಮ್ಮ ಬಿಸಿಲಿಗೆ ಬಂದಿದೆ. ತೊಡಕು ಶುರುವಾಗುವುದೂ ಇಲ್ಲಿಂದಲೇ.

ಕಾರಂಜಾ ಹಿಡಿಯುವುದು 7.69 ಟಿಎಂಸಿ ನೀರು. ಆದರೆ ಪ್ರತಿ ವರ್ಷ ತುಂಬುವುದಿಲ್ಲ. ನೀರು ಇಳಿದ ವರ್ಷ ತಳದ ಹೊಲಗಳಲ್ಲಿ ಬಳ್ಳಾರಿ ಜಾಲಿ ಏಳುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಆ ಗಿಡಗಳು ಹಾಗೇ ನೀರಿನಲ್ಲಿ ಮುಳುಗಿ ನಿಲ್ಲುತ್ತವೆ. (ನಮ್ಮ ಅಜ್ಜನ ಹೊಲವೂ ಅಲ್ಲೇ ತಳದಲ್ಲಿದೆ. ಪರಿಹಾರದ ಕತೆ ಇನ್ನೊಂದು ಪತ್ರಕ್ಕಿರಲಿ.) ಮೀನು ಇರುವುದೂ ಆ ಮುಳ್ಳಿನ ನಡುವೆಯೇ. ಟ್ರ್ಯಾಕ್ಟರ್ ಟೈರಿಗೇ ಇಳಿಯುವ ಮುಳ್ಳಿಗೆ ಗಾಳಿ ತುಂಬಿದ ಪಿವಿಸಿ ಯಾವ ಲೆಕ್ಕ? ಈಗ ಒಳಗೆಲ್ಲ ದಾರ ಹೆಣೆದು, ಗಾಳಿ ತುಂಬಿದರೆ ಹಲಗೆಯಂತೆ ಬಿಗಿಯುವ ದಪ್ಪ ನಮೂನೆ ಬಂದಿದೆ. ಅದು ವಾಸಿ, ಆದರೆ ಜಾಲಿಗೆ ಅದೂ ಸೋತದ್ದು ನನ್ನ ಅಂಗಡಿಗೆ ಬಂದಿದೆ.

ರಿಪೇರಿಯ ಮಾತನ್ನೂ ಹೇಳಿಬಿಡುತ್ತೇನೆ, ಯಾರೂ ಬರೆಯುವುದಿಲ್ಲ. ಸೈಕಲ್ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ರಬ್ಬರಿನದು, ಪಿವಿಸಿ ಮೇಲೆ ನಿಲ್ಲುವುದಿಲ್ಲ. ಆ ಹೊತ್ತಿಗೆ ಅಂಟಿದಂತೆ ಕಾಣುತ್ತದೆ, ನಡುನೀರಿನಲ್ಲಿ ಸಿಪ್ಪೆಯಾಗಿ ಏಳುತ್ತದೆ. ಪಿವಿಸಿಗೆಂದೇ ಇರುವ ಅಂಟು ಬೇಕು. ಸ್ಯಾಂಡ್‌ಪೇಪರಿನಿಂದ ಉಜ್ಜಿ, ಎಣ್ಣೆ ಪಸೆ ಒರೆಸಿ, ಎರಡೂ ಕಡೆ ತೆಳ್ಳಗೆ ಹಚ್ಚಿ, ಕೈಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಿ ಕೂರಿಸಿ, ಒಂದು ದಿನವಾದರೂ ಹಾಗೇ ಬಿಡಬೇಕು. 'ಸಂಜೆಯೊಳಗೆ ಆಗ್ತದಾ ಕಾಕಾ' ಎಂದು ಕೇಳಬೇಡಿ, ಆಗುವುದಿಲ್ಲ. ಇನ್ನೊಂದು: ಬೆಳಗಿನ ತಂಪಿನಲ್ಲಿ ಪೂರ್ತಿ ಬಿಗಿದ ಕಯಾಕನ್ನು ಮಧ್ಯಾಹ್ನ ದಂಡೆಯ ಬಿಸಿಲಿಗೆ ಎಳೆದಿಟ್ಟು ಊಟಕ್ಕೆ ಕುಂತರೆ ಒಳಗಿನ ಗಾಳಿ ಉಬ್ಬಿ ಅಂಟಿಸಿದ ಜೋಡಣೆ ಬಿಚ್ಚಬಹುದು. ಮೇ ತಿಂಗಳ ಬೀದರ್ ಬಿಸಿಲು ಕಂಪನಿಯವರ ಲೆಕ್ಕದಲ್ಲಿ ಇದ್ದಂತಿಲ್ಲ.

ಹಾಗಾಗಿ ನಮ್ಮ ನೀರಿಗೆ ಗಟ್ಟಿ ಪ್ಲಾಸ್ಟಿಕ್ಕಿನದೇ ಬೇಕು. ಮಾಳಿಗೆ ಮೇಲಿನ ನೀರಿನ ಟ್ಯಾಂಕನ್ನು ಹೇಗೆ ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ ಕಾಯಿಸುತ್ತಾ ತಿರುಗಿಸಿ ಒಂದೇ ತುಂಡಾಗಿ ಮಾಡುತ್ತಾರೋ, ಇದನ್ನೂ ಹಾಗೇ ಮಾಡುತ್ತಾರೆ. ಕಲ್ಲಿಗೆ ಉಜ್ಜಿದರೆ ಗೀರು ಬೀಳುತ್ತದೆ, ಅಷ್ಟೇ. ಫೈಬರಿನದು ಹಗುರ, ಆದರೆ ಬಂಡೆಗೆ ಬಡಿದರೆ ಸೀಳುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದರಲ್ಲೂ ಕಾಲು ಒಳಗೆ ತೂರಿಸಿ ಕೂರುವ ನಮೂನೆ ಬೇಡ. ಮಗುಚಿದರೆ ನೀರು ತುಂಬುತ್ತದೆ, ಕಲಿಯದವನಿಗೆ ಮತ್ತೆ ಹತ್ತಲು ಆಗುವುದಿಲ್ಲ. ಮೇಲೆ ಕೂರುವ ನಮೂನೆಯಲ್ಲಿ ತಳಕ್ಕೆ ಆರಪಾರ ತೂತು ಇರುತ್ತವೆ, ಬಂದ ನೀರು ತಾನೇ ಇಳಿಯುತ್ತದೆ. ತೂತು ಕಂಡು ಗಾಬರಿಯಾಗಿ ಎಂ-ಸೀಲ್ ಹಚ್ಚಲು ಹೇಳಿದ ಗಿರಾಕಿಯನ್ನೂ ನೋಡಿದ್ದೇನೆ!

ಅಳತೆ ಕೇಳಿದರೆ ನಾನು ಹೇಳುವುದು 10ರಿಂದ 12 ಅಡಿ ಉದ್ದ, 32ರಿಂದ 36 ಇಂಚು ಅಗಲ. ಕಿರಿದಾದದ್ದು ಜೋರಾಗಿ ಓಡುತ್ತದೆ ಖರೆ, ಆದರೆ ಮೀನು ಎಳೆಯಲು ಪಕ್ಕಕ್ಕೆ ಹೊರಳಿದಾಗ ಮೈ ವಾಲುತ್ತದೆ. 150 ಕಿಲೋ ಹೊರುತ್ತದೆ ಎಂದು ಬರೆದಿದ್ದರೆ, ನೀವು, ನಿಮ್ಮ ಬುತ್ತಿ, ಗಾಳ, ಐಸ್ ಡಬ್ಬಿ ಎಲ್ಲ ಸೇರಿ 100 ಕಿಲೋ ದಾಟದಂತೆ ನೋಡಿಕೊಳ್ಳಿ. ಎತ್ತಿ ನೋಡದೆ ಮಾತ್ರ ಕೊಳ್ಳಬೇಡಿ. ನೀರು ಹಿಂದೆ ಸರಿದಾಗ ಗಾಡಿ ನಿಲ್ಲಿಸಿದ ಕಡೆಯಿಂದ ನೀರಿನವರೆಗೆ ಎರೆ ಕೆಸರು, ಅದರಲ್ಲಿ ಕಯಾಕಿನ ಪುಟ್ಟ ಗಾಲಿ ಹೂತುಹೋಗುತ್ತದೆ. ಆಗ 40 ಕಿಲೋದ ಕಯಾಕನ್ನು ಹೆಗಲ ಮೇಲೆ ಹೊರುವವರು ನೀವೇ.

ಕಾಲಿನಿಂದ ತುಳಿಯುವ ಪೆಡಲ್ ಕಯಾಕ್ ಬಗ್ಗೆ ಲೇಖನದಲ್ಲಿ ಬಹಳ ಹೊಗಳಿದ್ದೀರಿ. 1997ರಲ್ಲಿ ಅಮೆರಿಕದ ಹೋಬಿ ಕಂಪನಿ, ತುಳಿದರೆ ತಳದಲ್ಲಿ ರೆಕ್ಕೆ ಬೀಸುವ ಪೆಡಲ್ ತಂದ ಮೇಲೆ ಗಾಳದವರಿಗೆ ಎರಡೂ ಕೈ ಬಿಡುವಾದವು, ನಿಜ. ಆದರೆ ಆ ರೆಕ್ಕೆ, ಬೇರೆ ಪೆಡಲ್ ಕಯಾಕಿನ ಫ್ಯಾನು ತಳದಿಂದ ಕೆಳಗೆ ಇಳಿದಿರುತ್ತವೆ. ಕಾರಂಜಾದ ಅಂಚಿನಲ್ಲಿ ಅವಕ್ಕೆ ಸಿಕ್ಕುವುದು ಜಾಲಿ ಕೊಂಬೆ ಮತ್ತು ಬಲೆ. ಇಲ್ಲಿಗೆ ಹುಟ್ಟೇ ಸಾಕು. ಹುಟ್ಟಿಗೊಂದು ದಾರ ಕಟ್ಟಿಕೊಳ್ಳಿ, ಗಾಳಿ ಎದ್ದಾಗ ಕೈಯಿಂದ ಜಾರಿದರೆ ಈಜಿ ಹಿಡಿಯಲಾಗದು. ಲೈಫ್ ಜಾಕೆಟ್ ಸೀಟಿನ ಹಿಂದೆ ತುರುಕಲು ಅಲ್ಲ, ತೊಡಲು. ಏಪ್ರಿಲ್–ಮೇ ಸಂಜೆ ಗುಡುಗು ಕೇಳಿದ ಕೂಡಲೇ ದಂಡೆಗೆ ಬನ್ನಿ. ಗಾಳದ ಕಾರ್ಬನ್ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ, ಬಯಲು ನೀರಿನಲ್ಲಿ ಎತ್ತರಕ್ಕೆ ನಿಂತಿರುವುದು ಅದೊಂದೇ.

ಬಲೆಯ ವಿಷಯಕ್ಕೆ ನನಗೆ ಸಿಟ್ಟಿದೆ. ಸಾಲಾಗಿ ತೇಲುವ ಖಾಲಿ ಬಾಟಲಿಗಳು ಕಸವಲ್ಲ, ರಾತ್ರಿ ಕಟ್ಟಿದ ಬಲೆಯ ಗುರುತು. ಗಾಳ ಸಿಕ್ಕಿಕೊಂಡಿತೆಂದು ಚಾಕು ತೆಗೆದು ಬಲೆಯನ್ನೇ ಕೊಯ್ದು ಹೋದವರಿದ್ದಾರೆ. ಆ ಬಲೆ ಒಂದು ಮನೆಯ ವಾರದ ಸಂತೆ. ನಿಮ್ಮ ದಾರ ಕತ್ತರಿಸಿ, ಕೊಕ್ಕೆ ಹೋದರೆ ಹೋಗಲಿ. ಹಾಗೆಯೇ ಮುಂಗಾರಿನಲ್ಲಿ ಕೆಂಪನೆಯ ಮರಿಗಳ ಗುಂಪು ನೀರ ಮೇಲೆ ಗುಳುಗುಳು ಎನ್ನುತ್ತಿದ್ದರೆ ಕೆಳಗೆ ತಂದೆಯೋ ತಾಯಿಯೋ ಮರಲ್ ಕಾವಲಿದೆ ಎಂದರ್ಥ. ಅದು ಸಿಟ್ಟಿನಿಂದಲೇ ಗಾಳ ಕಚ್ಚುತ್ತದೆ, ಹಿಡಿಯುವುದು ಸುಲಭ. ಅದನ್ನು ಎತ್ತಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು.

ಸರ್ಕಾರಕ್ಕೂ ಒಂದು ಮಾತು. ಜಲಾಶಯದ ಮೀನಿಗೆ ಪರವಾನಗಿ ಬೇಕು ಎಂಬುದೇ ಬಂದವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಹೆಸರಿನಲ್ಲೇ ಮೀನುಗಾರಿಕೆ ಇರುವ ವಿಶ್ವವಿದ್ಯಾಲಯ ನಮ್ಮ ಬೀದರಿನ ನಂದಿನಗರದಲ್ಲಿದೆ, ಅದರ ಮೀನುಗಾರಿಕಾ ಕಾಲೇಜು ಮಾತ್ರ ದೂರದ ಮಂಗಳೂರಿನಲ್ಲಿ! ಇರಲಿ. ಮೀನುಗಾರಿಕೆ ಇಲಾಖೆ ಕಾರಂಜಾದ ಬ್ಯಾಲಹಳ್ಳಿ ಅಣೆಕಟ್ಟೆಯ ದಾರಿಯಲ್ಲಿ ಒಂದು ಫಲಕ ಹಾಕಿಸಲಿ. ಪರವಾನಗಿ ಎಲ್ಲಿ ಸಿಗುತ್ತದೆ, ಬಲೆ ಬಿಡುವುದು ಯಾವ ದಿಕ್ಕಿಗೆ, ಕಯಾಕ್ ಇಳಿಸುವುದು ಎಲ್ಲಿಂದ ಎಂದು ಅದರಲ್ಲಿ ಬರೆಸಲಿ. ಇಳಿಸುವ ಜಾಗವನ್ನು ಮೀನುಗಾರರ ಸಹಕಾರ ಸಂಘದವರನ್ನು ಕೇಳಿಯೇ ಗೊತ್ತು ಮಾಡಲಿ. ಕನ್ನಡದ ಜೊತೆ ತೆಲುಗಿನಲ್ಲೂ ಬರೆಸಿದರೆ ಒಳ್ಳೆಯದು, ಬರುವ ಕಾರುಗಳಲ್ಲಿ ಹೆಚ್ಚಿನವು ತೆಲಂಗಾಣದವು.

— ಪಂಕ್ಚರ್ ಅಂಗಡಿಯ ಓದುಗ
ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ